ಬಿಗಿತಕ್ಕೊಂದು ಅಳತೆ

ನಮ್ಮ ಮನೆಯ ಮುಂದಿನ ತಗಡಿನ ಚಪ್ಪರದ ಕೆಳಗೆ ನಿಂತಿರುವ ಅಂಬಾಸಿಡರ್ ಕಾರನ್ನು ನಮ್ಮ ತಂದೆಯವರು ಕೊಂಡದ್ದು 1978ರಲ್ಲಿ. ಆಗ ಅವರು ದಾವಣಗೆರೆಯ ಮಂಡಿಪೇಟೆಯಲ್ಲಿ ಹತ್ತಿಯ ವ್ಯಾಪಾರ ಮಾಡಿಕೊಂಡಿದ್ದರು. ಅಕ್ಕಂದಿರಿಬ್ಬರೂ ಲಗ್ನವಾಗಿ ಗಂಡನ ಮನೆಗೆ ಹೋದದ್ದು ಇದೇ ಕಾರಿನಲ್ಲಿ. ಅವರ ಬಾಣಂತನಕ್ಕೆ ಕರೆತಂದದ್ದೂ ಇದರಲ್ಲಿಯೇ. ತಂದೆಯವರು ಲಿಂಗೈಕ್ಯರಾದ ಮೇಲೆ ಇದನ್ನು ಮಾರಿಬಿಡಿರೆಂದು ಹೇಳಿದವರು ಅನೇಕರು. ತಾಯಿಯವರು ಒಪ್ಪಲಿಲ್ಲ. "ಅವರು ಕುಂತ ಜಾಗ ಐತಿ, ಇರ್ಲಿ ಬಿಡ್ರಪ್ಪಾ" ಎಂದರು. ಅಂದಿನಿಂದ ಅದರ ಯೋಗಕ್ಷೇಮ ನಮ್ಮ ಪಾಲಿಗೆ ಬಂದಿತು.

ನಾವು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನವನ್ನು ಬೋಧಿಸಿ ನಿವೃತ್ತರಾದವರು. ಸನ್ನೆಕೋಲಿನ ನಿಯಮವನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆಯೋ ಲೆಕ್ಕವಿಲ್ಲ. ಆದರೂ ಆ ನಿಯಮವನ್ನು ನಮ್ಮ ಕೈಗಳು ಕಲಿತದ್ದು ಎರಡು ವರ್ಷದ ಹಿಂದೆ, ಹರಿಹರದ ಒಂದು ಲೇತ್ ಅಂಗಡಿಯಲ್ಲಿ. ಅದಕ್ಕೆ ಮೊದಲು ನಾವೊಂದು ತಪ್ಪು ಮಾಡಿದೆವು. ಆ ತಪ್ಪಿನ ಮೇಲೆ ಇನ್ನೊಂದು ಸುಳ್ಳನ್ನೂ ಹೇಳಿದೆವು. ನಮ್ಮಂತೆ ಹಳೆಯ ವಾಹನಗಳನ್ನು ಉಳಿಸಿಕೊಂಡಿರುವ ಮನೆಗಳಿಗೆ ಉಪಯೋಗವಾದೀತೆಂದು ಆ ಪ್ರಸಂಗವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ.

ಚಳಿಗಾಲದ ಒಂದು ಬೆಳಿಗ್ಗೆ ಕಾರನ್ನು ಚಾಲೂ ಮಾಡಿದಾಗ ಎಂಜಿನ್ನಿನ ಪಕ್ಕದಿಂದ 'ಟಿಕ್ ಟಿಕ್' ಎಂಬ ಸದ್ದು ಕೇಳಿಬಂತು. ಎಂಜಿನ್ ಬಿಸಿಯಾದ ಮೇಲೆ ಸದ್ದು ಬಹುಪಾಲು ಅಡಗಿತು. ನಮ್ಮ ಬಡಾವಣೆಯ ತಿರುವಿನಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ಹುಡುಗನನ್ನು ಕರೆದು ತೋರಿಸಿದೆವು. ಅವನಿಗೆ ಇಪ್ಪತ್ತೆರಡರ ಪ್ರಾಯ. ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, "ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗೈತಿ ಸರ್. ಸೋಮವಾರ ಬಿಚ್ಚಿ ಹೊಸದು ಹಾಕ್ತೀನಿ. ಅಲ್ಲೀತನಕ ನಟ್ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದನು.

ಸಿಲಿಂಡರುಗಳಲ್ಲಿ ಉರಿದ ಹೊಗೆ ಹೊರಬಂದು ಮೊದಲು ಸೇರುವ ಎರಕದ ಕಬ್ಬಿಣದ ಕವಲುಕೊಳವೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅಲ್ಲಿಂದ ಹೊಗೆಯು ಸೈಲೆನ್ಸರಿಗೆ ಹೋಗುತ್ತದೆ. ಸಿಲಿಂಡರ್ ಹೆಡ್ಡಿನಲ್ಲಿ ನೆಟ್ಟಿರುವ ಸ್ಟಡ್‌ಗಳೆಂಬ ಉಕ್ಕಿನ ಕಡ್ಡಿಗಳು ಈ ಕೊಳವೆಯನ್ನು ಹಿಡಿದಿಟ್ಟಿರುತ್ತವೆ. ಸ್ಟಡ್ಡಿಗೆ ಎರಡು ತುದಿಗಳಲ್ಲಿಯೂ ಥ್ರೆಡ್ ಇರುತ್ತದೆ. ಒಂದು ತುದಿ ಹೆಡ್ಡಿನೊಳಗೆ ಕೂರುತ್ತದೆ, ಇನ್ನೊಂದಕ್ಕೆ ನಟ್ಟು ಬೀಳುತ್ತದೆ. ಎಂಜಿನ್ ಓಡುವಾಗ ಈ ಭಾಗ ನೂರಾರು ಡಿಗ್ರಿ ಕಾಯುತ್ತದೆ, ನಿಂತಾಗ ತಣ್ಣಗಾಗುತ್ತದೆ. ಹೀಗೆ ದಿನವೂ ಹಿಗ್ಗಿ ಕುಗ್ಗುವುದರಿಂದ ಪ್ಯಾಕಿಂಗ್ ಸವೆಯುತ್ತದೆ, ನಟ್ಟು ಸಡಿಲಾಗುತ್ತದೆ, ಸ್ಟಡ್ಡು ತುಕ್ಕು ತಿನ್ನುತ್ತದೆ. ನಲವತ್ತು ವರ್ಷ ಮೀರಿದ ಕಾರಿನಲ್ಲಿ ಇದು ಸಹಜವೇ ಸರಿ.

ಸೋಮವಾರದವರೆಗೆ ಕಾಯುವ ತಾಳ್ಮೆ ನಮಗೆ ಬರಲಿಲ್ಲ. ಭಾನುವಾರ ತಾಯಿಯವರನ್ನು ಹರಿಹರದಲ್ಲಿರುವ ಅವರ ತಂಗಿಯ ಮನೆಗೆ ಕರೆದೊಯ್ಯುವುದಿತ್ತು. ಶನಿವಾರ ಸಂಜೆ ನಾವೇ ಬಾನೆಟ್ ಎತ್ತಿ ರಿಂಗ್ ಪಾನಾ ಹಿಡಿದೆವು. ನಟ್ಟು ಅಲುಗಲಿಲ್ಲ. ಪಾನಾದ ಹಿಡಿಗೆ ಎರಡು ಅಡಿಯ ನೀರಿನ ಪೈಪು ತೂರಿಸಿ ಎಳೆದೆವು. ಮೊದಲು ಚೆನ್ನಾಗಿ ಬಿಗಿಯಾಯಿತೆಂದು ಸಮಾಧಾನವಾಯಿತು. ಇನ್ನಷ್ಟು ಎಳೆದೆವು. ಮರುಕ್ಷಣವೇ ಪಾನಾ ಬೆಣ್ಣೆಯೊಳಗೆ ತಿರುಗಿದಂತೆ ಸಲೀಸಾಗಿ ಸುತ್ತಿಬಂತು. ನಟ್ಟಿನೊಡನೆ ಸ್ಟಡ್ಡೂ ಸುತ್ತಿಕೊಂಡು ಹೊರಗೆ ಬಂತು. ಅದರ ಸುರುಳಿಗಳ ನಡುವೆ ಬೂದುಬಣ್ಣದ ಕಬ್ಬಿಣದ ಪುಡಿ ತುಂಬಿತ್ತು. ಸ್ಟಡ್ಡಿನ ಥ್ರೆಡ್ ಉಳಿದಿತ್ತು. ಹೆಡ್ಡಿನ ರಂಧ್ರದ ಥ್ರೆಡ್ ಪೂರಾ ಕಿತ್ತು ಬಂದಿತ್ತು.

ಮಾಡಿದ್ದು ಏನು? ಸ್ಟಡ್ಡನ್ನು ಮೆಲ್ಲಗೆ ಅದರ ಗೂಡಿಗೆ ತಳ್ಳಿ, ಬಾನೆಟ್ ಮುಚ್ಚಿ, ಕೈ ತೊಳೆದುಕೊಂಡೆವು. ಮರುದಿನ ತಾಯಿಯವರನ್ನು ಹರಿಹರಕ್ಕೆ ಕರೆದುಕೊಂಡೂ ಹೋದೆವು. ಸದ್ದು ಹೆಚ್ಚಾದುದನ್ನು ಕೇಳಿದ ನಮ್ಮ ತಮ್ಮ ಕಾರಣ ಕೇಳಿದಾಗ, "ಆ ಗ್ಯಾರೇಜಿನ ಹುಡುಗ ನೋಡಿದ ಮೇಲೆ ಹೀಗಾಗಿದೆ, ಬಿಗಿಯುವಾಗ ಹಾಳುಮಾಡಿರಬೇಕು" ಎಂದುಬಿಟ್ಟೆವು. ನಾಲಗೆಗೆ ಆ ಮಾತು ಹೇಗೆ ಬಂತೆಂಬುದು ಇಂದಿಗೂ ನಮಗೆ ತಿಳಿಯದು. ಅರವತ್ತು ದಾಟಿದ ಮಾಸ್ತರರು ಪೈಪು ಹಾಕಿ ಥ್ರೆಡ್ ಕಿತ್ತರೆಂದು ಹೇಳಿಕೊಳ್ಳುವುದಕ್ಕಿಂತ ಅದು ಸುಲಭವಾಗಿ ಕಂಡಿತೋ ಏನೋ. ತಮ್ಮನಿಗೆ ಎರಡು ಟೆಂಪೊಗಳಿವೆ. ಅವುಗಳ ರಿಪೇರಿಯನ್ನು ಆ ವಾರದಿಂದಲೇ ಅವನು ಬೇರೆ ಕಡೆಗೆ ಬದಲಾಯಿಸಿದ. ಸೋಮವಾರ ಹುಡುಗ ಪ್ಯಾಕಿಂಗ್ ತಂದು ಬಾಗಿಲಲ್ಲಿ ನಿಂತಾಗ, "ಈಗ ಬೇಡಪ್ಪಾ, ಆಮೇಲೆ ನೋಡೋಣ" ಎಂದು ಹಿಂದಕ್ಕೆ ಕಳುಹಿಸಿದೆವು.

ಮೂರು ವಾರ ಹೀಗೆಯೇ ಕಳೆಯಿತು. ಅಷ್ಟರಲ್ಲಿ ತಾಯಿಯವರು ನಾಲ್ಕಾರು ಬಾರಿ ಕಾರಿನಲ್ಲಿ ಓಡಾಡಿದರು. ಗಾಳಿ ತಾಗಬಾರದೆಂದು ಅವರು ಗಾಜುಗಳನ್ನು ಏರಿಸಿಕೊಂಡೇ ಕೂರುವರು. ಒಂದು ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು, "ಕಾರು ಹತ್ತಿದ ಮ್ಯಾಲೆ ತಲಿ ಭಾರ ಆಗ್ತೈತಪ್ಪಾ, ಹೊಟ್ಟಿ ತೊಳಸಿದಂಗಾಗ್ತೈತಿ. ಇಳಿದು ಹೊರಗ ಕುಂತರ ಸರಿ ಹೋಗ್ತೈತಿ" ಎಂದರು. ವಯಸ್ಸಿನ ತೊಂದರೆ ಇರಬಹುದೆಂದು ಸೊಸೆಯಂದಿರು ಮಾತಾಡಿಕೊಂಡರು. ನಮಗೆ ಮಾತ್ರ ಎದೆ ಧಸಕ್ಕೆಂದಿತು.

ಪೆಟ್ರೋಲು ಉರಿದು ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಅದರ ಮೊದಲ ಚಿಹ್ನೆಗಳು. ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ. ಹೊರಗಿನ ಗಾಳಿಗೆ ಬಂದರೆ ಹಗುರಾಗುವುದೂ ಅದರ ಲಕ್ಷಣವೇ. ಇದನ್ನೆಲ್ಲ ಹತ್ತನೆಯ ತರಗತಿಯ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆದು ತಿಳಿಸಿದವರು ನಾವು. ಹಳೆಯ ಕಾರಿನಲ್ಲಿ ಪೆಡಲು, ತಂತಿಗಳು ಹಾದುಬರುವ ರಂಧ್ರಗಳ ರಬ್ಬರು ಒಣಗಿ ಬಿರಿದಿರುತ್ತದೆ. ಎಂಜಿನ್ನಿನ ಪಕ್ಕದಲ್ಲಿ ಸೋರಿದ ಹೊಗೆ ಆ ದಾರಿಯಾಗಿ ಒಳಗೆ ಬರುವುದು ಕಷ್ಟವಲ್ಲ.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ, ಪೆಟ್ರೋಲಿನ ಭಾಗಗಳಿಂದ ದೂರವಿಟ್ಟು ಎಚ್ಚರಿಕೆಯಿಂದ ಒಂದು ಊದುಬತ್ತಿಯನ್ನು ಮ್ಯಾನಿಫೋಲ್ಡಿನ ಅಂಚಿನ ಬಳಿ ಹಿಡಿದೆವು. ನೆಟ್ಟಗೆ ಏಳುತ್ತಿದ್ದ ಅದರ ಹೊಗೆ ಆ ಸ್ಟಡ್ಡಿನ ಹತ್ತಿರ ಬಂದಾಗ 'ಟಿಕ್' ಎಂಬ ಪ್ರತಿ ಸದ್ದಿಗೂ ಚದುರಿಹೋಗುತ್ತಿತ್ತು. ಅಂಚಿನಲ್ಲಿ ಕಾಡಿಗೆಯಂತೆ ಮಸಿಯ ಗೆರೆಯೂ ಮೂಡಿತ್ತು. ಇನ್ನು ಯಾವ ಸಂದೇಹವೂ ಉಳಿಯಲಿಲ್ಲ.

ಗ್ಯಾರೇಜಿನ ಹುಡುಗನಲ್ಲಿಗೆ ಹೋಗಲು ಮುಖವಿರಲಿಲ್ಲ. ಪರಿಚಿತರೊಬ್ಬರು ಹರಿಹರದ ಹಿರಿಯ ಟರ್ನರ್ ಒಬ್ಬರ ವಿಳಾಸ ಕೊಟ್ಟರು. ಕಾರಿನ ಗಾಜುಗಳನ್ನೆಲ್ಲ ಇಳಿಸಿಕೊಂಡು, ಒಬ್ಬರೇ ಹಳೆಯ ಪಿ.ಬಿ. ರಸ್ತೆ ಹಿಡಿದು ಹೊರಟೆವು.

ಹರಿಹರವೆಂದರೆ ಭಕ್ತರಿಗೆ ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯ ಮತ್ತು ತುಂಗಭದ್ರೆ ನೆನಪಾಗುತ್ತವೆ. ಯಂತ್ರಗಳ ಕೆಲಸದವರಿಗೆ ನೆನಪಾಗುವುದು ಲೇತ್. 1941ರಲ್ಲಿ ಇಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋಗಿವೆ. ಆ ಮನೆತನದ ಉದ್ಯಮಕ್ಕೆ ತಳಹದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ತಯಾರಿಸಿದವರು. ಹರಿಹರದ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ನಾವು ಹುಡುಕಿಕೊಂಡು ಹೋದ ಹಿರಿಯರು ಅಲ್ಲಿಯೇ ಟರ್ನರ್ ಆಗಿ ದುಡಿದವರು. ಈಗ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಲೇತ್ ಇಟ್ಟುಕೊಂಡು, ಎಪ್ಪತ್ತೈದರ ವಯಸ್ಸಿನಲ್ಲಿಯೂ ಬೆಳಿಗ್ಗೆ ಎಂಟಕ್ಕೆ ಯಂತ್ರಕ್ಕೆ ಎಣ್ಣೆ ಬಿಟ್ಟು ಕೆಲಸಕ್ಕೆ ನಿಲ್ಲುವರು.

ಅವರು ಸ್ಟಡ್ಡನ್ನು ಎರಡೇ ಬೆರಳಿನಿಂದ ಎಳೆದು ತೆಗೆದು, ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಬಿಗಿದವರು ಯಾರು ಮಾಸ್ತರ್ರೆ?"

"ಗ್ಯಾರೇಜಿನ ಒಬ್ಬ ಹುಡುಗ" ಎಂದೆವು. ಸುಳ್ಳು ಎರಡನೆಯ ಸಲ ಇನ್ನೂ ಸಲೀಸಾಗಿ ಬಂತು.

"ದಿನಾ ಪಾನಾ ಹಿಡಿಯೋ ಕೈಗೆ ಎಲ್ಲಿ ನಿಲ್ಲಸಬೇಕು ಅನ್ನೋದು ಗೊತ್ತಿರತೈತಿ. ಇದು ಪೈಪ್ ಹಾಕಿ ಎಳದಿದ್ದು" ಎಂದಷ್ಟೇ ಹೇಳಿ ಕೆಲಸಕ್ಕೆ ಇಳಿದರು. ನಾವು ಸುಮ್ಮನೆ ನಿಂತೆವು.

ಮೊದಲು ಉಳಿದ ನಟ್ಟುಗಳಿಗೆ ಸೀಮೆಎಣ್ಣೆ ಬೆರೆಸಿದ ಎಣ್ಣೆಯನ್ನು ಬಿಟ್ಟು ಒಂದು ರಾತ್ರಿ ನೆನೆಯಲು ಇಟ್ಟರು. ಅವಸರದಿಂದ ತಿರುಗಿಸಿದರೆ ತುಕ್ಕು ಹಿಡಿದ ಸ್ಟಡ್ಡು ಮುರಿದು ಒಂದಿದ್ದ ಕೆಲಸ ನಾಲ್ಕಾಗುವುದಂತೆ. ನಾವು ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ತಂಗಿದೆವು. ಮರುದಿನ ಮ್ಯಾನಿಫೋಲ್ಡುಗಳು ಸುರಕ್ಷಿತವಾಗಿ ಕಳಚಿಬಂದವು. ಈ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲು ಒಳಹೋಗುವ ಕೊಳವೆಯನ್ನೂ ಹೊಗೆ ಹೊರಬರುವ ಕೊಳವೆಯನ್ನೂ ಕೆಲವು ಸ್ಟಡ್ಡುಗಳು ಒಟ್ಟಾಗಿಯೇ ಹಿಡಿದಿರುತ್ತವೆ. ಆದಕಾರಣ ಒಂದು ಸಡಿಲಾದರೆ ಎರಡಕ್ಕೂ ಬಾಧೆ.

ಸೋರುವ ಜಾಗಕ್ಕೆ ಗಾರೆ ಮೆತ್ತಿದಂತೆ ಅಂಟು ತುಂಬಿ ಸ್ಟಡ್ಡು ಕೂರಿಸಬಹುದೇ ಎಂದು ನಾವು ಕೇಳಿದೆವು. ಅಂಟು ಆ ಶಾಖಕ್ಕೆ ನಿಲ್ಲದೆಂದರು. ಉಕ್ಕಿನ ತಂತಿಯ ಸುರುಳಿಯನ್ನು ಹೊಸ ಥ್ರೆಡ್ಡಾಗಿ ಕೂರಿಸುವ ಹೆಲಿಕಾಯಿಲ್ ಎಂಬ ಕ್ರಮವೂ ಉಂಟೆಂದೂ, ಅದು ಒಳ್ಳೆಯದೇ ಎಂದೂ, ಆದರೆ ಅದಕ್ಕೆ ಬೇಕಾದ ವಿಶೇಷ ಟ್ಯಾಪು ತಮ್ಮಲ್ಲಿಲ್ಲವೆಂದೂ ಹೇಳಿ, ತಾವು ಬಲ್ಲ ಹಳೆಯ ಕ್ರಮವನ್ನು ಆರಿಸಿಕೊಂಡರು. ಒಳಗಿನ ತುದಿ ದಪ್ಪ, ಹೊರಗಿನ ತುದಿ ಮೊದಲಿನ ಅಳತೆ. ಹೀಗೆ ಮೆಟ್ಟಿಲಿರುವ ಹೊಸ ಸ್ಟಡ್ಡನ್ನು ಲೇತಿನಲ್ಲಿ ಮಾಡುವುದು.

ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರು. ಹೀಗಾಗಿ ಅದರ 1489 ಸಿ.ಸಿ. ಎಂಜಿನ್ನಿನ ಅಳತೆಗಳು ಅಂಗುಲದಲ್ಲಿವೆ. ನಮ್ಮ ಸ್ಟಡ್ಡು 5/16 ಅಂಗುಲದ್ದು. ಹೆಡ್ಡಿನೊಳಗಿನ ತುದಿಯಲ್ಲಿ ಅಂಗುಲಕ್ಕೆ 18 ಸುತ್ತು, ನಟ್ಟಿನ ತುದಿಯಲ್ಲಿ 24 ಸುತ್ತು. ಎರಕದ ಕಬ್ಬಿಣ ಕಾಳುಕಾಳಾದ ಪೆಡಸು ಲೋಹ. ಅದರಲ್ಲಿ ಸಣ್ಣ ಸುರುಳಿ ನಿಲ್ಲದು, ದಪ್ಪ ಸುರುಳಿಯೇ ಬೇಕು. ಇಂದು ಪೇಟೆಯಲ್ಲಿ ಸಿಗುವ 8 ಮಿಲಿಮೀಟರ್ ಬೋಲ್ಟು ನೋಡಲು ಇದರಂತೆಯೇ ಇರುತ್ತದೆ. ದಪ್ಪದಲ್ಲಿ ಒಂದು ಕೂದಲೆಳೆಯಷ್ಟೇ ಅಂತರ. ಆದರೆ ಅದರ ಸುತ್ತಿನ ಅಂತರ ಬೇರೆ. ಒಂದೆರಡು ಸುತ್ತು ಒಳಹೋಗಿ ಬಿಗಿಯಾದದ್ದನ್ನು ಬಲವಂತದಿಂದ ತಿರುಗಿಸಿದರೆ ಒಳಗಿನ ಥ್ರೆಡ್ ಹಾಳು. ಹಳೆಯ ಕಾರುಗಳ ಎಷ್ಟೋ ಥ್ರೆಡ್ಡುಗಳು ಹೀಗೆಯೇ ಹೋಗಿವೆಯೆಂದು ಹಿರಿಯರು ಹೇಳಿದರು.

ಒಂದು ಕಾಲದಲ್ಲಿ ಪ್ರತಿ ಕಮ್ಮಟಕ್ಕೂ ಅದರದೇ ಥ್ರೆಡ್ ಇದ್ದಿತಂತೆ. ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. ಎಲ್ಲರಿಗೂ ಒಂದೇ ಅಳತೆಯಿರಲೆಂದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರತಜ್ಞರು ಪಟ್ಟಿಯೊಂದನ್ನು ಮುಂದಿಟ್ಟದ್ದು 1841ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ ಹರಿಹರದಲ್ಲಿ ಲೇತಿನ ಕಾರ್ಖಾನೆ ಬಂತು. ಲೇತಿನಲ್ಲಿ ಉದ್ದಕ್ಕೂ ಒಂದು ದೊಡ್ಡ ತಿರುಪಿನ ದಂಡವಿರುತ್ತದೆ. ಉಳಿಯು ಎಷ್ಟು ವೇಗದಲ್ಲಿ ಸರಿಯಬೇಕೆಂಬುದನ್ನು ಆ ದಂಡವೂ ಹಲ್ಲುಚಕ್ರಗಳೂ ಸೇರಿ ನಿರ್ಧರಿಸುತ್ತವೆ. ಹೊಸದಾಗಿ ಕೊರೆಯುವ ಪ್ರತಿ ಸುರುಳಿಯೂ ಆ ತಾಯಿತಿರುಪಿನ ಮಗುವೇ. ಹಿರಿಯರು ಗಟ್ಟಿ ಉಕ್ಕಿನ ಸರಳನ್ನು ಕಚ್ಚಿಸಿ, ಒಂದು ತುದಿಗೆ 3/8 ಅಂಗುಲದ 16 ಸುತ್ತಿನ ಥ್ರೆಡ್ಡನ್ನೂ ಇನ್ನೊಂದಕ್ಕೆ ಮೊದಲಿನ 24 ಸುತ್ತಿನದನ್ನೂ ಕೊರೆದರು. ಮೆಟ್ಟಿಲಿನ ಮೂಲೆಯನ್ನು ಚೂಪಾಗಿ ಬಿಡದೆ ತುಸು ದುಂಡಗಾಗಿಸಿದರು. ಚೂಪು ಮೂಲೆಯಿಂದಲೇ ಬಿರುಕು ಆರಂಭವಾಗುವುದಂತೆ.

ರಂಧ್ರದ ಕೆಲಸ ಇನ್ನೂ ಸೂಕ್ಷ್ಮವಾದದ್ದು. 3/8 ಅಂಗುಲದ ಥ್ರೆಡ್ ಕೊರೆಯಲು ಮೊದಲು ಬೇಕಾದ ರಂಧ್ರ 5/16 ಅಂಗುಲ. ಹಳೆಯ ಸ್ಟಡ್ಡಿನ ದಪ್ಪವೂ ಅಷ್ಟೇ! ಆದ್ದರಿಂದ ಡ್ರಿಲ್ಲು ಒಳಗೆ ಉಳಿದಿದ್ದ ಮುರುಕು ಸುರುಳಿಗಳನ್ನಷ್ಟೇ ಕೆರೆದು ತೆಗೆಯಿತು. ಸುತ್ತಲಿನ ಗಟ್ಟಿ ಲೋಹ ಹೊಸ ಥ್ರೆಡ್ಡಿಗೆ ಉಳಿಯಿತು. ಡ್ರಿಲ್ಲು ಓರೆಯಾಗದಂತೆ, ರಂಧ್ರವಿರುವ ಉಕ್ಕಿನ ತುಂಡೊಂದನ್ನು ಪಕ್ಕದ ಸ್ಟಡ್ಡಿಗೆ ಬಿಗಿದು ದಾರಿ ಮಾಡಿಕೊಂಡರು. ಹೆಚ್ಚು ಆಳಕ್ಕೆ ಹೋದರೆ ಹೆಡ್ಡಿನೊಳಗಿನ ನೀರಿನ ಪೊಳ್ಳು ತೂತಾಗುವ ಭಯವಿರುವುದರಿಂದ ಡ್ರಿಲ್ಲಿನ ಮೇಲೆ ಕಾಗದದ ಪಟ್ಟಿ ಅಂಟಿಸಿ ಗುರುತು ಮಾಡಿದರು. ಪುಡಿ ಎಂಜಿನ್ನಿನೊಳಗೆ ಬೀಳದಂತೆ ಬಾಯಿಗಳಿಗೆ ಬಟ್ಟೆ ತುರುಕಿದ್ದರು. ಬಳಿಕ ಮೂರು ಟ್ಯಾಪುಗಳನ್ನು ಒಂದಾದ ಮೇಲೊಂದರಂತೆ ಇಳಿಸಿದರು. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಎಣ್ಣೆ ಹಾಕಲಿಲ್ಲ, ಎರಕದ ಕಬ್ಬಿಣದಲ್ಲಿರುವ ಗ್ರಾಫೈಟೇ ಟ್ಯಾಪಿಗೆ ಜಾರುಗುಣ ಕೊಡುತ್ತದೆ. ಪುಡಿಯನ್ನು ಅಯಸ್ಕಾಂತದಿಂದ ಎತ್ತಿದರು.

ಹೊಸ ಸ್ಟಡ್ಡು ಕೈಯಿಂದಲೇ ಒಳಗೆ ಇಳಿದು, ಮೆಟ್ಟಿಲು ಹೆಡ್ಡಿನ ಮೇಲ್ಮೈಗಿಂತ ತುಸು ಒಳಗೆ ನಿಂತಿತು. ಮೇಲೆ ನಿಂತಿದ್ದರೆ ಮ್ಯಾನಿಫೋಲ್ಡು ಕೂರುತ್ತಿರಲಿಲ್ಲ. ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು ನೋಡಿ, ಹೊಸ ಪ್ಯಾಕಿಂಗ್ ಹಾಕಿ, ಹಿತ್ತಾಳೆಯ ನಟ್ಟುಗಳನ್ನು ಆರಿಸಿಕೊಟ್ಟರು. ಹಿತ್ತಾಳೆ ಉಕ್ಕಿಗೆ ತುಕ್ಕಿನಿಂದ ಅಂಟಿಕೊಳ್ಳುವುದಿಲ್ಲ. ಮೇಲಾಗಿ ಅದು ಮೆದು. ಯಾರಾದರೂ ಅತಿಯಾಗಿ ಎಳೆದರೆ ಮೊದಲು ಕೆಡುವುದು ಕೆಲವೇ ರೂಪಾಯಿಯ ನಟ್ಟು, ಹೆಡ್ಡು ಉಳಿಯುತ್ತದೆ.

ಅನಂತರ ಚಿಕ್ಕ ಪಾನಾ ಒಂದನ್ನು ನಮ್ಮ ಕೈಗಿತ್ತು, "ಈಗ ನೀವ ಬಿಗೀರಿ" ಎಂದರು. ನಾವು ಹಿಂಜರಿದೆವು. ಅವರು ನಮ್ಮ ಹಸ್ತವನ್ನು ಹಿಡಿಯ ತುದಿಯಿಂದ ನಟ್ಟಿನ ಸಮೀಪಕ್ಕೆ ಸರಿಸಿದರು. ಹಿಡಿತ ಹತ್ತಿರವಾದಷ್ಟೂ ಬಲದ ಪರಿಣಾಮ ಕಡಿಮೆ, ಕೈಗೆ ತಿಳಿಯುವುದು ಹೆಚ್ಚು. ಇದೇ ಸನ್ನೆಕೋಲಿನ ನಿಯಮ! ನಡುವಿನಿಂದ ಆರಂಭಿಸಿ ಆ ಕಡೆಗೊಂದು ಈ ಕಡೆಗೊಂದರಂತೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯಿಸಿದರು. ಪ್ಯಾಕಿಂಗ್ ಒತ್ತಿಕೊಂಡು, ನಟ್ಟು ನಿಂತು, ಕೈಗೆ ಒಂದು ದೃಢವಾದ ತಡೆ ಸಿಕ್ಕಿತು. "ಅಷ್ಟ. ಇನ್ನ ಮ್ಯಾಲೆ ಎಳದರ ಅದು ನಿಮ್ಮ ಸಿಟ್ಟು, ಬಿಗಿ ಅಲ್ಲ" ಎಂದರು.

ಆಗ ನಾವು ಬಾಯಿಬಿಟ್ಟೆವು. ಪೈಪು ಹಾಕಿದವರು ನಾವೇ ಎಂದೂ, ಹುಡುಗ ಮುಟ್ಟಬೇಡಿರೆಂದು ಹೇಳಿ ಹೋಗಿದ್ದನೆಂದೂ, ತಾಯಿಯವರನ್ನು ಅದೇ ಕಾರಿನಲ್ಲಿ ಮೂರು ವಾರ ಕೂರಿಸಿದೆವೆಂದೂ ಎಲ್ಲವನ್ನೂ ಹೇಳಿದೆವು.

ಅವರು ಕೈ ಒರೆಸಿಕೊಳ್ಳುತ್ತ, "ನನಗ ಹೇಳಿ ಏನ್ ಮಾಡ್ತೀರಿ ಮಾಸ್ತರ್ರೆ? ಹೇಳಬೇಕಾದವ್ರು ದಾವಣಗೇರ್ಯಾಗ ಅದಾರ" ಎಂದರು. ಬಳಿಕ, "ಎರಡು ದಿನ ಓಡಸ್ರಿ. ಕಾದು ತಣ್ಣಗಾದ ಮ್ಯಾಲೆ ನಟ್ಟು ಇನ್ನೊಮ್ಮೆ ನೋಡಬೇಕು. ಅದಕ್ಕ ಇಲ್ಲೀತನಕ ಬರಬ್ಯಾಡ್ರಿ, ಆ ಹುಡುಗನ ಕಡೆ ತೋರಸ್ರಿ" ಎಂದು ಸೇರಿಸಿದರು.

ಮನೆಗೆ ಬಂದು ಮೊದಲು ತಾಯಿಯವರಿಗೆ ತಿಳಿಸಿದೆವು. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಕಡೆಗೆ, "ನನ್ನ ತಲಿನೋವು ಹೋತು ಬಿಡು. ಆ ಹುಡುಗನ ಹೊಟ್ಟಿ ಮ್ಯಾಲೆ ಹೊಡದ್ಯಲ್ಲೋ" ಎಂದರು. ತಮ್ಮನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವನು ನಮ್ಮ ಮುಖ ನೋಡದೆ ಎದ್ದುಹೋದ. ಸಂಜೆ ಒಂದು ಟೆಂಪೊ ಗ್ಯಾರೇಜಿನ ಮುಂದೆ ನಿಂತಿದ್ದುದನ್ನು ಕಂಡೆವು.

ಮೂರನೆಯ ದಿನ ಬೆಳಿಗ್ಗೆ ಕಾರನ್ನು ಹುಡುಗನಲ್ಲಿಗೆ ಒಯ್ದು, ನಡೆದುದನ್ನು ಹೇಳಿ, ತಪ್ಪಾಯಿತೆಂದೆವು. ಅವನು ತಲೆ ತಗ್ಗಿಸಿ, "ಗೊತ್ತಿತ್ತು ಸರ್. ಅವತ್ತು ಪ್ಯಾಕಿಂಗ್ ತಗಂಡು ಬಂದಾಗ ಪಾನಾದೊಳಗ ಪೈಪು ಹಂಗ ಇತ್ತು, ಕಟ್ಟಿ ಮ್ಯಾಲೆ" ಎಂದನು. ಮೂರು ವಾರ ಅವನು ಅದನ್ನು ಯಾರ ಮುಂದೆಯೂ ಆಡಿರಲಿಲ್ಲ. ಬಾನೆಟ್ ಎತ್ತಿ ಒಂದೊಂದೇ ನಟ್ಟನ್ನು ಮುಟ್ಟಿ ನೋಡಿದ. ಎರಡು ಕಾಲು ಸುತ್ತಿನಷ್ಟು ಬಿಗಿಯನ್ನು ಕೇಳಿದವು. ಹೊಸ ಸ್ಟಡ್ಡನ್ನು ಬಹಳ ಹೊತ್ತು ನೋಡಿ, "ಇದನ್ನ ಮಾಡಿದವರ ಹತ್ರ ನಾನೂ ಒಮ್ಮೆ ಹೋಗ್ಬೇಕು" ಎಂದನು. ಮುಂದಿನ ಭಾನುವಾರ ನಾವೇ ಕರೆದುಕೊಂಡು ಹೋದೆವು. ಈಗ ಅವನು ಬಿಡುವಿದ್ದಾಗಲೆಲ್ಲ ಹರಿಹರದ ಆ ಶೆಡ್ಡಿಗೆ ಹೋಗಿ ಲೇತಿನ ಕೆಲಸ ಕಲಿಯುತ್ತಿದ್ದಾನೆ.

ಹಳೆಯ ಕಾರು ಇಟ್ಟುಕೊಂಡಿರುವ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ತಣ್ಣನೆಯ ಎಂಜಿನ್ನಿನಲ್ಲಿ ಟಿಕ್ ಟಿಕ್ ಸದ್ದು ಬಂದರೆ ಅಲಕ್ಷಿಸಬೇಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಕಾರು ಚಾಲೂ ಮಾಡಿ ನಿಲ್ಲಿಸಬೇಡಿ. ಕಾರಿನಲ್ಲಿ ಕುಳಿತಾಗ ಬರುವ, ಇಳಿದಾಗ ಹೋಗುವ ತಲೆನೋವನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಕಾರನ್ನು ತೋರಿಸಿ, ವೈದ್ಯರನ್ನೂ ಕಾಣಿರಿ. ಅಂಗುಲದ ಥ್ರೆಡ್ಡಿಗೆ ಮಿಲಿಮೀಟರ್ ಬೋಲ್ಟು ತುರುಕಬೇಡಿ. ಪಾನಾಕ್ಕೆ ಪೈಪು ತೂರಿಸುವ ಮನಸ್ಸಾದರೆ ಒಂದು ದಿನ ತಡೆದುಕೊಳ್ಳಿ.

ಕಳೆದ ವಾರ ತಾಯಿಯವರು ಹೊಳೆ ನೋಡಬೇಕೆಂದರು. ಗಾಜು ಏರಿಸಿಕೊಂಡು ತಂದೆಯವರು ಕೂರುತ್ತಿದ್ದ ಎಡಬದಿಯ ಸೀಟಿನಲ್ಲಿ ಕುಳಿತರು. ಹರಿಹರದ ಸೇತುವೆಯ ಬಳಿ ಕಾರು ನಿಲ್ಲಿಸಿ, "ತಲಿ ಹೆಂಗೈತವ್ವಾ?" ಎಂದು ಕೇಳಿದೆವು.

"ತಲಿ ಹಗುರೈತಿ. ಹೊಳಿಗೆ ನೀರು ಕಡಿಮಿ ಐತಿ ನೋಡು" ಎಂದು ಅವರು ಕಿಟಕಿಯ ಗಾಜನ್ನು ತಾವಾಗಿಯೇ ಇಳಿಸಿದರು.